ಕುಂಕುಮ ಹಚ್ಚಿಕೊಂಡ ಸ್ವಿಚ್ಚು

ನಮ್ಮ ಮನೆಯ ಪಡಸಾಲೆಯ ಬೋರ್ಡಿನಲ್ಲಿ ಏಳು ಸ್ವಿಚ್ಚುಗಳಿವೆ. ಆರಕ್ಕೆ ಯಾವ ಮರ್ಯಾದೆಯೂ ಇಲ್ಲ. ಅವು ಹೊಗೆ, ಧೂಳು, ಒದ್ದೆ ಕೈ ಎಲ್ಲವನ್ನೂ ಸಹಿಸಿಕೊಂಡು ಕಪ್ಪಗಾಗಿವೆ. ಏಳನೆಯದಕ್ಕೆ ಮಾತ್ರ ದಿನಾ ಕುಂಕುಮ. ಮನೆಗೆ ಬಂದವರು ಆಯುಧಪೂಜೆಯಲ್ಲಿ ಹಚ್ಚಿದ್ದು ಉಳಿದಿರಬೇಕೆಂದು ತಿಳಿಯುತ್ತಾರೆ. ಹತ್ತಿರ ಹೋದವರಿಗೆ ಅದು ಇವತ್ತಿನದೇ ಎಂದು ಗೊತ್ತಾಗುತ್ತದೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಮಾಡುವವಳ ಮನೆಯಲ್ಲಿ ವಿದ್ಯುಚ್ಛಕ್ತಿಗೆ ಇಷ್ಟು ಭಕ್ತಿ ಇರುವುದು ಅವರಿಗೆ ಸಂತೋಷವನ್ನೇ ಕೊಡುತ್ತದೆ. ನಾನೂ ಅವರ ಸಂತೋಷವನ್ನು ಹಾಳು ಮಾಡಲು ಹೋಗುವುದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ.

ನಾನಿರುವುದು ವಾಡಿಯಲ್ಲಿ, ಪಾಠ ಮಾಡುವುದು ಸೇಡಂನಲ್ಲಿ. ನಮ್ಮವರು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಮನೆಯಲ್ಲಿ ಮೂರನೆಯವರು ನಮ್ಮತ್ತೆ, ಚಿಂಚೋಳಿ ಕಡೆಯವರು. ಲೋಕದಲ್ಲಿ ಹೆಣ್ಣುಮಕ್ಕಳು ತುಳಸಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ, ತೀರ ಹುಚ್ಚು ಹಿಡಿದರೆ ಬೆಕ್ಕು ಸಾಕುತ್ತಾರೆ. ನಾನು ಸಮುದ್ರ ಸಾಕಿದ್ದೇನೆ. ಮೂರು ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು ಮತ್ತು ಜೀವಂತ ಹವಳ. ನಲ್ಲಿ ನೀರು ಯಾವತ್ತು ಬರುತ್ತದೆಂದು ಕಾಯುವ ಓಣಿಯಲ್ಲಿ ನಾನು ನೀರನ್ನು ಎರಡೆರಡು ಸಲ ಶುದ್ಧ ಮಾಡಿ, ಆಮೇಲೆ ಅದಕ್ಕೆ ಉಪ್ಪು ಹಾಕಿ ಕೆಡಿಸುತ್ತೇನೆ.

"ಕುಡಿಯೋ ನೀರ ಕೆಡಸಲಿಕ್ಕೂ ಎಂ.ಎಸ್ಸಿ. ಓದಬೇಕಾತೇನು, ಶೈಲಾ?" ಎಂದು ನಮ್ಮತ್ತೆ ಮೊದಲ ದಿನವೇ ಕೇಳಿದ್ದರು.

ತೊಟ್ಟಿ ನಿಂತಿರುವುದು ಶಹಾಬಾದ ಕಲ್ಲಿನ ಮೇಲೆ. ಅದು ನನ್ನ ತವರಿನ ಕಲ್ಲು. ನಮ್ಮಪ್ಪ ಅಲ್ಲಿನ ಕಲ್ಲು ಪಾಲಿಶ್ ಮಾಡುವ ಅಂಗಳವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಸ್ಟಾಫ್ ರೂಮಿನಲ್ಲಿ ಭೂಗೋಳದ ಮೇಷ್ಟ್ರೊಬ್ಬರು ನನ್ನ ತೊಟ್ಟಿಯ ಸುದ್ದಿ ಬಂದಾಗಲೆಲ್ಲ, "ಮೇಡಂ, ನಮ್ಮ ಈ ಕಲ್ಲೆಲ್ಲ ಒಂದ್ ಕಾಲಕ್ಕ ಸಮುದ್ರದ ತಳಾನೇ ಇತ್ರಿ" ಎನ್ನುತ್ತಾರೆ. ಇದ್ದಿರಬಹುದು. ಈ ಬಿಸಿಲು ನೋಡಿ ಸಮುದ್ರವೇ ಊರು ಬಿಟ್ಟು ಹೋಗಿದೆ. ಅಷ್ಟು ಬುದ್ಧಿ ನಮಗೆ ಬರಲಿಲ್ಲ.

ಹವಳದ ತುಂಡು ಹೈದರಾಬಾದಿನ ಒಬ್ಬರ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ನನ್ನ ಹಾಗೆ ಅದೂ ಸಮುದ್ರ ಕಂಡದ್ದಲ್ಲ. ಅಂಗೈಯಗಲದ ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಹಸಿರು ಬಾಯಿಗಳು. ಬೆಳಕು ಸರಿಯಿದ್ದರೆ ಅರಳುತ್ತವೆ, ಸರಿಯಿಲ್ಲದಿದ್ದರೆ ಮುಚ್ಚಿಕೊಂಡು ಮುನಿಸಿಕೊಳ್ಳುತ್ತವೆ. ಪಕ್ಕದ ಮನೆಯ ಸರೋಜಕ್ಕ ನೋಡಲು ಬಂದವರು ಬಹಳ ಹೊತ್ತು ನೋಡಿ, "ಹವಳ ಅಂದ್ರ ಕೆಂಪಗ ಇರಬೇಕಲ್ರೀ?" ಎಂದರು. ನನ್ನ ಕೊರಳ ತಾಳಿಯಲ್ಲಿರುವ ಎರಡು ಹವಳವನ್ನೂ ತೊಟ್ಟಿಯನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದರು. ಮೋಸ ಹೋಗಿದ್ದೀರೆಂದು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಹೋಗುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ದೊಡ್ಡದಾದ ಮ್ಯಾಲ ಒಂದ್ ತುಂಡ ಕೊಡ್ರಿ. ನಮ್ಮ ತಮ್ಮಗ ಕುಜದೋಷ ಅದ, ಉಂಗುರಕ್ಕ ಆಗ್ತದ" ಎಂದರು. ಆ ತಮ್ಮನಿಗೆ ಮದುವೆಯಾಯಿತು. ನನ್ನ ಹವಳಕ್ಕೆ ಅದರಲ್ಲಿ ಯಾವ ಪಾತ್ರವೂ ಇಲ್ಲ.

ಇನ್ನು ಬೆಳಕಿನ ವಿಷಯ. ಹವಳಕ್ಕೆ ಬರೀ ಲೈಟು ಹಾಕಿದರೆ ಸಾಲದು. ಬೆಳಿಗ್ಗೆ ನೀಲಿ ಬೆಳಕು ನಿಧಾನವಾಗಿ ಏರಬೇಕು, ಆಮೇಲೆ ಬಿಳಿ ಸೇರಬೇಕು, ಸಂಜೆಗೆ ಎರಡೂ ಹಾಗೆಯೇ ಇಳಿಯಬೇಕು. ದಿನಾ ಒಂದೇ ಹೊತ್ತಿಗೆ. ಇದನ್ನೆಲ್ಲ ತಾನೇ ಮಾಡುವ ಯಂತ್ರ ಪೇಟೆಯಲ್ಲಿ ಸಿಗುತ್ತದೆ. ಅದರ ಬೆಲೆ ಕೇಳಿದರೆ ಸೂರ್ಯನನ್ನೇ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುವುದು ಅಗ್ಗವೆನಿಸುತ್ತದೆ. ನಾನು ಫಿಜಿಕ್ಸ್‌ನವಳು. ನನ್ನ ಕೈಯಲ್ಲಿ ಆಗದ್ದೇನು ಎಂಬ ಸೊಕ್ಕು ಬಂತು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಂಟ್ರೋಲರ್ ಬೋರ್ಡು ತರಿಸಿದೆ. ಅದಕ್ಕೆ ಗುಂಡಿ ಸೆಲ್ಲಿನ ಮೇಲೆ ನಡೆಯುವ ಪುಟ್ಟ ಗಡಿಯಾರ ಜೋಡಿಸಿದೆ. ಎಲ್‌ಇಡಿ ಪಟ್ಟಿಗಳ ಕಾವು ಇಳಿಸಲು ಕಿಟಕಿ ಚೌಕಟ್ಟು ಮಾಡುವ ಅಂಗಡಿಯಿಂದ ಅಲ್ಯೂಮಿನಿಯಂ ಚೂರು ಬೇಡಿ ತಂದೆ. ಎಲ್ಲವನ್ನೂ ಹಳೆಯ ಟಿಫಿನ್ ಡಬ್ಬಿಯಲ್ಲಿ ಕೂಡಿಸಿದೆ. ಮುಚ್ಚಳದ ಮೇಲೆ ಈಗಲೂ ಯಾರದೋ ಮದುವೆಯ ತಾರೀಖಿದೆ.

ತೊಟ್ಟಿ ತೊಳೆಯುವ ದಿನ ಒಳಗೆಲ್ಲ ಚೆನ್ನಾಗಿ ಕಾಣಲೆಂದು ಒಂದು ಸ್ವಿಚ್ಚನ್ನು ಪಡಸಾಲೆಯ ಬೋರ್ಡಿಗೂ ಎಳೆದೆ. ಅದನ್ನು ಒತ್ತಿದರೆ ಡಬ್ಬಿಯ ಲೆಕ್ಕಾಚಾರವೆಲ್ಲ ಬದಿಗೆ ಸರಿದು ಪೂರ್ತಿ ಬೆಳಕು ಒಮ್ಮೆಗೇ ಬರುತ್ತದೆ. ಹವಳಕ್ಕೆ ನಾನು ನಿಗದಿ ಮಾಡಿದ್ದು ಅದರ ಅರ್ಧಕ್ಕಿಂತ ಕಡಿಮೆ. ಕೆಳಗೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿದೆ. ಮನೆಯಲ್ಲಿ ಚೀಟಿ ಅಂಟಿಸಿ ಕೆಲಸ ಕೆಡಿಸಿಕೊಂಡವರಲ್ಲಿ ನಾನು ಮೊದಲನೆಯವಳಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ.

"ಮನಷ್ಯಾರಿಗೆ ಇನ್ವರ್ಟರ್ ಇಲ್ಲ, ಹುಳಕ್ಕ ಸೂರ್ಯೋದಯ ಸೂರ್ಯಾಸ್ತ ಎರಡೂ ಅದಾವ" ಎಂದರು ನಮ್ಮವರು.

ಹಾಗೆ ನೋಡಿದರೆ ತಾನಾಗಿ ನಡೆಯುವ ವ್ಯವಸ್ಥೆ ನನಗೆ ಹೊಸದಲ್ಲ. ಶಹಾಬಾದದ ನನ್ನ ಬಾಲ್ಯವೆಲ್ಲ ಭೋಂಗಾದ ಮೇಲೆ ನಡೆಯಿತು. ಭೋಂಗಾ ಎಂದರೆ ಕಾರ್ಖಾನೆಯ ಸೈರನ್ನು. ಮೊದಲ ಭೋಂಗಾಕ್ಕೆ ಅವ್ವ ಒಲೆ ಹಚ್ಚುತ್ತಿದ್ದಳು, ಎರಡನೆಯದಕ್ಕೆ ನಮ್ಮ ಹೊದಿಕೆ ಎಳೆಯುತ್ತಿದ್ದಳು. ಒಮ್ಮೆ ಯಾಕೋ ಭೋಂಗಾ ಆಗಲಿಲ್ಲ. ನಮ್ಮ ಓಣಿಯ ಮಕ್ಕಳೆಲ್ಲ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಹೋದೆವು. ಹೆಡ್‌ಮೇಷ್ಟ್ರು ಬೈಯಲಿಲ್ಲ, ಅವರೂ ಆಗಷ್ಟೇ ಬಂದಿದ್ದರು.

ಸಂಜೆಗೆ ಮಾತ್ರ ಭೋಂಗಾ ಬೇಕಾಗಿರಲಿಲ್ಲ. ದೀಪ ಹಚ್ಚುವ ಹೊತ್ತು ಅವ್ವನಿಗೆ ಮೈಯಲ್ಲೇ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಮಲಗಬಾರದು, ತಲೆ ಬಾಚಬಾರದು, ಕಸ ಗುಡಿಸಬಾರದು. ದೇವರ ಮುಂದೆ ದೀಪ ಹಚ್ಚಿ, ಪಡಸಾಲೆಯ ಬಲ್ಬು ಹಾಕಿ, ಆ ಬಲ್ಬಿಗೂ ಎಲ್ಲರೂ ಕೈ ಮುಗಿಯಬೇಕು. ಕರೆಂಟು ಹೋಗಿ ಬಂದರೂ ಕೈ ಮುಗಿಯುತ್ತಿದ್ದೆವು. ಒಂದು ಸಲ ಟಾರ್ಚಿಗೂ ಕೈ ಮುಗಿದು ಅಪ್ಪನನ್ನು ನಗಿಸಿದ್ದೇನೆ. ಮುಂದೆ ಬೆಳಕೆಂದರೆ ಅಲೆಯೂ ಹೌದು, ಕಣವೂ ಹೌದು ಎಂದು ಓದಿ ಈ ಕೈ ಮುಗಿಯುವುದನ್ನು ಬಿಟ್ಟೆ. ಕೆಲಸಕ್ಕೆ ಸೇರಿದ ಮೇಲಂತೂ ದೀಪ ಹಚ್ಚುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ. ಆಗೆಲ್ಲ ಭಾನುವಾರವೂ ಆ ಹೊತ್ತಿಗೆ ಸಂತೆಯಲ್ಲಿರುತ್ತಿದ್ದೆ. ಸೊಸೆ ಮಾಡಬೇಕಾದ ಕೆಲಸ ಅತ್ತೆಗೆ ಉಳಿಯಿತು. ಅವರು ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ಉತ್ತರ ಸಿದ್ಧವಿತ್ತು.

ಯಂತ್ರ ಶುರುವಾಗಿ ಎರಡು ವಾರಕ್ಕೆ ಹವಳ ಮುನಿಯಿತು. ಬಾಯಿಗಳು ಮುಚ್ಚಿಕೊಂಡವು, ಅಂಚು ಬೆಳ್ಳಗಾಗತೊಡಗಿತು. ಬೆಳ್ಳಗಾಗುವುದೆಂದರೆ ಹವಳ ಸಾಯುವ ದಾರಿ ಹಿಡಿದಿದೆ ಎಂದರ್ಥ. ನಾನು ನೀರು ಬದಲಿಸಿದೆ, ಉಪ್ಪು ಅಳೆದೆ. ಡಬ್ಬಿ ಬಿಚ್ಚಿ ಗಡಿಯಾರ ಬದಲಿಸಿದೆ. ಕೊನೆಗೆ ಬೆಳಕಿನ ಏರಿಳಿತವನ್ನೆಲ್ಲ ಬರೆದಿಡುವಂತೆ ಒಂದು ಮೆಮೊರಿ ಕಾರ್ಡು ಸೇರಿಸಿದೆ. ವಾರ ಬಿಟ್ಟು ತೆರೆದು ನೋಡಿದರೆ ಕಳ್ಳ ಸಿಕ್ಕೇಬಿಟ್ಟ. ದಿನಾ ಸಂಜೆ ಆರೂವರೆಯ ಮುಂದೆ ಹಿಂದೆ, ಬೆಳಕು ನಿಧಾನ ಇಳಿದು ಇನ್ನೇನು ಮುಗಿಯಬೇಕೆನ್ನುವಾಗ, ಒಮ್ಮೆಗೇ ಪೂರ್ತಿ ಏರುತ್ತಿತ್ತು. ಅರ್ಧ ತಾಸು ಹಾಗೇ ಇದ್ದು ಮತ್ತೆ ಆರುತ್ತಿತ್ತು. ಶುಕ್ರವಾರ ಮಾತ್ರ ಮುಕ್ಕಾಲು ತಾಸು.

ನೀವಾಗಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದಿರಿ. ನಿಮಗೆ ಫಿಜಿಕ್ಸ್ ಬರುವುದಿಲ್ಲ. ನನಗೆ ಬರುತ್ತದೆ, ಅದಕ್ಕೇ ನನಗೊಂದು ಸಿದ್ಧಾಂತ ಹೊಳೆಯಿತು. ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಲೈಟು ಹಾಕುತ್ತದೆ, ವೋಲ್ಟೇಜು ಕುಸಿಯುತ್ತದೆ, ಕಂಟ್ರೋಲರಿಗೆ ತಲೆ ತಿರುಗಿ ಪೂರ್ತಿ ಬೆಳಕು ಬಿಡುತ್ತದೆ. ಶುಕ್ರವಾರ ಯಾಕೆ ಹೆಚ್ಚು ಹೊತ್ತು? ಅವತ್ತು ಗುಡಿಗಳಲ್ಲೂ ಲೈಟು ಹೆಚ್ಚು. ಇಷ್ಟು ಅಚ್ಚುಕಟ್ಟಾದ ಸಿದ್ಧಾಂತ ತಪ್ಪಾಗಲು ಸಾಧ್ಯವೇ ಇರಲಿಲ್ಲ. ಚಿತ್ತಾಪುರ ದಾಟುವಷ್ಟರಲ್ಲಿ ರೈಲಿನಲ್ಲೇ ಸರ್ಕಿಟ್ಟಿನ ಚಿತ್ರ ಬರೆದು ಮುಗಿಸಿ, ಭಾನುವಾರ ಒಂದು ದಪ್ಪ ಕೆಪ್ಯಾಸಿಟರ್ ಕೂಡಿಸಿದೆ. ವೋಲ್ಟೇಜು ಕುಸಿದರೂ ಅದು ಸಂಭಾಳಿಸಬೇಕು.

ಸಂಭಾಳಿಸಿತು! ಸೋಮವಾರ ಬೆಳಕು ಗೆರೆ ಎಳೆದಂತೆ ಇಳಿಯಿತು. ಮಂಗಳವಾರವೂ ಹಾಗೇ. ಬುಧವಾರ ಹವಳದ ಒಂದು ಅಂಚು ಅರಳಿತು. ಗುರುವಾರ ಅರ್ಧಕ್ಕರ್ಧ ಹಸಿರು. ನಾನು ಸ್ಟಾಫ್ ರೂಮಿಗೆ ಪೇಢೆ ಒಯ್ದೆ. ಪಿಯುಸಿ ಮಕ್ಕಳಿಗೆ ಪಾಠ ಬಿಟ್ಟು ನನ್ನ ಕೆಪ್ಯಾಸಿಟರಿನ ಕಥೆ ಹೇಳಿ, ನೋಡಿ ಮಕ್ಕಳೇ, ವಿಜ್ಞಾನ ಎಂದರೆ ಗಮನಿಸುವುದು ಎಂದೆ. ಮನೆಯಲ್ಲಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಆ ನಾಲ್ಕು ದಿನ ಅತ್ತೆ ಊಟಕ್ಕೆ ಬರಲಿಲ್ಲ. ಕೇಳಿದರೆ ಕೋಣೆಯೊಳಗಿಂದಲೇ, "ಉಪವಾಸ ಅದವಾ, ನೀ ಉಣ್ಣು" ಎಂದರು. ನಮ್ಮದು ವೈಷ್ಣವರ ಮನೆ, ಉಪವಾಸಕ್ಕೇನು ಕಡಿಮೆ. ನಾನು ಉಂಡೆ.

ಶುಕ್ರವಾರದ ದಾಖಲೆ ತೆರೆದರೆ ಮತ್ತೆ ಅದೇ ಏರು. ಮುಕ್ಕಾಲು ತಾಸು. ನನ್ನ ಸಿಟ್ಟು ನೆತ್ತಿಗೇರಿತು. ಪೇಢೆಯನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಬಂದು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ತಂತಿಗೆ ಚುಚ್ಚಿಕೊಂಡು ತೊಟ್ಟಿಯ ಹಿಂದಿನ ಸಂದಿಯಲ್ಲಿ ನೆಲದ ಮೇಲೆ ಕೂತೆ. ಕುಸಿಯುವ ವೋಲ್ಟೇಜನ್ನು ಕಣ್ಣಾರೆ ಹಿಡಿಯಬೇಕಿತ್ತು. ಆರೂವರೆಗೆ ಓಣಿಯ ಲೈಟುಗಳು ಹತ್ತಿದವು. ವೋಲ್ಟೇಜು ಅಲ್ಲಾಡಲಿಲ್ಲ.

ಗೋಡೆ ಹಿಡಿದು ನಡೆಯುವ ಸದ್ದು ಕೇಳಿತು. ನಮ್ಮತ್ತೆ ದೇವರ ಕೋಣೆಯಿಂದ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಡುವೆ ಎರಡು ಸಲ ನಿಂತು ಉಸಿರು ತಿರುಗಿಸಿಕೊಂಡರು. ಬೋರ್ಡಿನ ಹತ್ತಿರ ಬಂದು ನನ್ನ "ಮುಟ್ಟಬಾರದು" ಚೀಟಿಯ ಮೇಲೆ ಒಂದು ಕೈ ಊರಿ, ಇನ್ನೊಂದರಿಂದ ಏಳನೆಯ ಸ್ವಿಚ್ಚು ಒತ್ತಿ, ಭಗ್ಗನೆ ಬೆಳಗಿದ ತೊಟ್ಟಿಗೆ ಕೈ ಮುಗಿದರು.

ನಾನು ಸಂದಿಯಿಂದ ಎದ್ದೆ. ಅವರು ಹೌಹಾರಿದರು.

"ಅಯ್ಯ! ಅಲ್ಲೇನ್ ಮಾಡಾಕತ್ತೀದಿ?"

"ನೀವೇನ್ ಮಾಡಾಕತ್ತೀರಿ ಅತ್ತಿ? ಆ ಸ್ವಿಚ್ ಮುಟ್ಟಬ್ಯಾಡ್ರಿ ಅಂತ ಬರದೀನಲ್ಲ!"

"ಮತ್ತ ಏನ್ ಮಾಡ್ಲಿ? ದೀಪ ಹಚ್ಚೋ ಹೊತ್ತಿನಾಗ ಬರೋಬ್ಬರಿ ನಿನ್ನ ಮಶಿನ್ನು ದೀಪ ಶಾಂತ ಮಾಡ್ತದ. ಊರಾಗ ಎಲ್ಲರ ಮನ್ಯಾಗ ದೀಪ ಹತ್ತೋ ಹೊತ್ತಿಗೆ ನಮ್ಮ ಮನ್ಯಾಗ ಕತ್ತಲಾಗ್ತದ. ಲಕ್ಷ್ಮಿ ಬಾಗಲದಾಗ ನಿಂತು ನೋಡಿ ಏನಂದ್ಕೋಬೇಕು? ಅದಕ್ಕ ನಾ ಹಚ್ತೀನಿ. ಸ್ತೋತ್ರ ಮುಗದ ಮ್ಯಾಲ ಶಾಂತ ಮಾಡ್ತೀನಿ. ಶುಕ್ರವಾರ ಜರಾ ತಡ ಆಗ್ತದ, ಎರಡ ಸ್ತೋತ್ರ ಜಾಸ್ತಿ ಅಂತೀನಿ."

ನನ್ನ ಸಿದ್ಧಾಂತ, ಗುಡಿಯ ಲೈಟುಗಳ ಸಮೇತ, ಅಲ್ಲೇ ಮುಗಿಯಿತು. ಆದರೂ ಮೇಷ್ಟ್ರ ಜಾತಿ, ಸೋಲು ಒಪ್ಪುವುದು ಅಷ್ಟು ಸುಲಭವಲ್ಲ. "ಹಂಗಂದ್ರ ಸೋಮವಾರದಿಂದ ನಾಕ ದಿನ ಯಾಕ ಹಚ್ಚಿಲ್ಲ?" ಎಂದು ಮೆಮೊರಿ ಕಾರ್ಡನ್ನು ಸಾಕ್ಷಿಯಾಗಿ ಎತ್ತಿ ಹಿಡಿದೆ.

ಅತ್ತೆ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. "ಅದೊಂದ್ ತಪ್ಪಾತು ನೋಡವಾ. ತಬ್ಬೇತ್ ಬರೋಬ್ಬರಿ ಇರಲಿಲ್ಲ. ಜ್ವರ ಬಂದು ಏಳಲಿಕ್ಕೇ ಆಗಲಿಲ್ಲ. ದೇವರ ಮುಂದಿನ ದೀಪಾನೂ ಹಚ್ಚಿಲ್ಲ."

ಹಣೆ ಮುಟ್ಟಿ ನೋಡಿದೆ. ಇನ್ನೂ ಸುಡುತ್ತಿತ್ತು. ನಾಲ್ಕು ದಿನವೂ ನಾನು ಅದೇ ಮನೆಯಲ್ಲಿದ್ದೆ. ಹವಳದ ಯಾವ ಬಾಯಿ ಯಾವತ್ತು ಅರಳಿತೆಂದು ಬರೆದಿಟ್ಟಿದ್ದೆ. ಏಕಾದಶಿ ಒಂದರ ಹಿಂದೊಂದು ನಾಲ್ಕು ದಿನ ಬರುವುದಿಲ್ಲ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಹತ್ತು ಹೆಜ್ಜೆ ಆಚೆ ಕೋಣೆಯಲ್ಲಿ ಒಬ್ಬರು ಜ್ವರದಲ್ಲಿ ಬೇಯುತ್ತ ಮಲಗಿದ್ದರು, ನಾನು ಆ ಸುದ್ದಿಗೆ ಪೇಢೆ ಹಂಚಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅವತ್ತು ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

"ಹೇಳಬಾರದೇನ್ರಿ ನನಗ?"

"ನೀ ಭಾಳ ಖುಷಿಯಾಗಿದ್ದಿ. ಸುಮ್ನ ಯಾಕ ಪರೇಶಾನ್ ಮಾಡೋದು ಅಂತ ಬಿಟ್ಟೆ."

ಆಟೋ ತರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನೆರಡು ದಿನ ತಡವಾಗಿದ್ದರೆ ಕಲಬುರಗಿಗೆ ಒಯ್ಯಬೇಕಾಗುತ್ತಿತ್ತೆಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಅತ್ತೆ ಸುಧಾರಿಸಿಕೊಳ್ಳಲು ವಾರ ಹಿಡಿಯಿತು. ಅಷ್ಟೂ ದಿನ ರಜೆ ಹಾಕಿ ದೀಪ ಹಚ್ಚುವ ಕೆಲಸ ನಾನೇ ಮಾಡಿದೆ. ದೇವರ ಮುಂದೆ ಬತ್ತಿ ಸರಿಯಾಗಿ ನಿಲ್ಲಿಸಲು ಬರದೆ ಎರಡು ಸಲ ಆರಿಸಿದೆ. ಅತ್ತೆ ಮಲಗಿದಲ್ಲಿಂದಲೇ, "ಆರ್ತು ಅನಬ್ಯಾಡ, ಶಾಂತ ಆತು ಅನ್ನು" ಎಂದು ತಿದ್ದಿದರು. ಅವರ ಚಿಂಚೋಳಿಯ ಕಡೆ ತೆಲುಗಿನವರು ದೀಪ ಗುಡ್ಡ ಏರಿತು ಅನ್ನುತ್ತಾರಂತೆ. ಆರಿತು ಎನ್ನಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಅವರು ಎದ್ದು ಓಡಾಡುವಂತಾದ ಮೇಲೆ ನಮ್ಮಿಬ್ಬರ ಮಾತುಕತೆ ನಡೆಯಿತು. ಹವಳ ಉಳಿಯಬೇಕು ಎಂಬುದು ನನ್ನ ಬೇಡಿಕೆ. ಹೊತ್ತು ಮುಳುಗುವಾಗ ಮನೆಯಲ್ಲಿ ಬೆಳಕು ಇಳಿಯಬಾರದು ಎಂಬುದು ಅವರದು. ಕೊನೆಗೆ ಅವರೇ ದಾರಿ ತೋರಿಸಿದರು. "ಮೊದಲ ಒಂದು ಸಣ್ಣ ದೀಪ ಹತ್ತಲಿ. ಆಮ್ಯಾಲ ಉಳದವು ಶಾಂತ ಆದ್ರ ನಂದೇನ್ ತಕರಾರಿಲ್ಲ." ಏಳನೆಯ ಸ್ವಿಚ್ಚಿನ ತಂತಿಯನ್ನು ದೊಡ್ಡ ದೀಪಗಳಿಂದ ಬಿಡಿಸಿ, ತೊಟ್ಟಿಯ ಮೂಲೆಯಲ್ಲಿ ಬೆಳದಿಂಗಳಷ್ಟು ಬೆಳಕಿನ ಒಂದು ಪುಟ್ಟ ಬಲ್ಬಿಗೆ ಕೊಟ್ಟೆ. ಈಗ ಅತ್ತೆ ಸ್ವಿಚ್ಚು ಒತ್ತಿದ ಮೇಲೇ ನೀಲಿ, ಬಿಳಿ ಎರಡೂ ಇಳಿಯತೊಡಗುತ್ತವೆ. ಚೀಟಿ ಕಿತ್ತು ಹಾಕಿದೆ. ಆ ಜಾಗಕ್ಕೆ ಕುಂಕುಮ ಬಂತು. ನನ್ನ ಪ್ರೋಗ್ರಾಮಿನಲ್ಲೂ ಆಫ್ ಎಂದು ಇದ್ದಲ್ಲೆಲ್ಲ ಶಾಂತ ಎಂದು ಬರೆದೆ. ಕಂಪ್ಯೂಟರಿಗೆ ಏನೂ ವ್ಯತ್ಯಾಸವಾಗಲಿಲ್ಲ. ಹವಳ ಮೂರು ವಾರಕ್ಕೆ ಪೂರ್ತಿ ಅರಳಿತು.

ಇದರ ಜೊತೆಗೆ ಯಾರಿಗೂ ಹೇಳದೆ ಇನ್ನೊಂದು ಸಾಲು ಸೇರಿಸಿದೆ. ಸ್ವಿಚ್ಚು ಒತ್ತಿದರೆ ನನ್ನ ಫೋನಿಗೆ ಸಂದೇಶ ಬರಬೇಕು. ಏಳು ಗಂಟೆಯಾದರೂ ಒತ್ತದಿದ್ದರೆ ಫೋನು ಬೊಬ್ಬೆ ಹಾಕಬೇಕು. ಹವಳಕ್ಕೆ ಅದರ ಅಗತ್ಯವಿಲ್ಲ, ಸ್ವಿಚ್ಚು ಮರೆತರೆ ಏಳಕ್ಕೆ ಬೆಳಕು ತಾನಾಗಿ ಇಳಿಯುತ್ತದೆ.

ತಿಂಗಳುಗಟ್ಟಲೆ ಎಲ್ಲ ಸರಿಯಿತ್ತು. ರೈಲಿನಲ್ಲಿ ಕುಂಯ್ ಎಂದು ಸದ್ದಾದರೆ ಅತ್ತೆ ಗೋಡೆ ಹಿಡಿಯದೆ ನಡೆದು ಬಂದರೆಂದು ತಿಳಿದು, ವಾಡಿಯಲ್ಲಿ ಇಳಿದು ನಿಧಾನ ತರಕಾರಿ ಕೊಂಡು, ಸಹೋದ್ಯೋಗಿಗಳ ಜೊತೆ ಚಹಾ ಕುಡಿದು, ಇಡೀ ಕಾಲೇಜಿನ ಮೇಲೆ ಚಾಡಿ ಹೇಳಿ ಮನೆ ಸೇರುತ್ತಿದ್ದೆ. ಒಂದು ದಿನ ಕುಂಯ್ ಎನ್ನಲಿಲ್ಲ. ಏಳಕ್ಕೆ ಫೋನು ಬೊಬ್ಬೆ ಹಾಕಿತು. ಮನೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅತ್ತೆ ತಮ್ಮ ಮೊಬೈಲನ್ನು ಬೇಳೆ ಡಬ್ಬಿಯ ಪಕ್ಕ ಇಡುತ್ತಾರೆ, ಬೇಳೆ ಬೇಕಾದಾಗ ಮಾತ್ರ ನೋಡುತ್ತಾರೆ. ನಮ್ಮವರು ಪಾಳಿಯಲ್ಲಿದ್ದರು. ಸರೋಜಕ್ಕನಿಗೆ ಮಾಡಿದರೆ ಅವರು ತಮ್ಮನ ಮನೆಯಲ್ಲಿದ್ದರು. ಅಷ್ಟರಲ್ಲಿ ಗಾಡಿ ವಾಡಿಯ ಸಿಗ್ನಲ್ಲಿನ ಹೊರಗೆ ನಿಂತಿತು. ವಾಡಿಗೆ ಬರುವ ಗಾಡಿಗಳು ಅಲ್ಲಿ ನಿಲ್ಲುವುದು ಹೊಸದಲ್ಲ, ಆದರೆ ಅವತ್ತು ನಿಂತಷ್ಟು ಹೊತ್ತು ಯಾವತ್ತೂ ನಿಂತಿಲ್ಲ. ಎಷ್ಟೋ ವರ್ಷದ ಮೇಲೆ ನಾನು ಯಾವುದಕ್ಕೋ ಕೈ ಮುಗಿದೆ. ಎದುರಿಗಿದ್ದದ್ದು ಆ ಕೆಂಪು ಸಿಗ್ನಲ್ಲೊಂದೇ.

ಮನೆಗೆ ಓಡಿ ಬಂದರೆ ಅತ್ತೆ ತೊಟ್ಟಿಯ ಮುಂದೆ, ನನ್ನ ಕುರ್ಚಿಯಲ್ಲಿ, ಕಾಲು ನೀಡಿ ಕೂತಿದ್ದರು. ಪಕ್ಕದಲ್ಲಿ ಚಹಾದ ಎರಡು ಕಪ್ಪು, ಮುಚ್ಚಿಟ್ಟದ್ದು.

"ಬಂದ್ಯಾ? ಕೈಕಾಲ ತೊಳಕೊಂಡು ಬಾ. ಇವತ್ತಾದ್ರೂ ಕೂಡಿ ಚಹಾ ಕುಡಿಯೋಣು."

"ಅತ್ತಿ, ಸ್ವಿಚ್ ಯಾಕ ಒತ್ತಿಲ್ರಿ?"

ಅವರು ನಿಧಾನ ಎದ್ದು, ಸ್ವಿಚ್ಚು ಒತ್ತಿ, ಕೈ ಮುಗಿದರು. ನನ್ನ ಕೈಯಲ್ಲಿದ್ದ ಫೋನು ಕುಂಯ್ ಎಂದಿತು. ಅತ್ತೆ ಫೋನು ನೋಡಿದರು, ನನ್ನನ್ನು ನೋಡಿದರು.

"ಆಯ್ತವಾರ ರಜಾ ಅಂತ ನೀ ಮನ್ಯಾಗಿದ್ದಾಗ ನಾ ಇದು ಒತ್ತಿದ್ರ ಅದು ಕೂಗ್ತದ. ನಾ ಏನ್ ಕಿವುಡಿ ಏನು? ಒತ್ತಲಿಲ್ಲಂದ್ರ ಏನಾಗ್ತದ ಅಂತ ಒಂದಿನ ನೋಡಿದೆ. ಎಪ್ಪಾ, ಓಡಿ ಬಂದದ್ದು ನೋಡು!"

ಒಂದನ್ನು ಬದಲಿಸಿ ಇನ್ನೊಂದು ಏನಾಗುತ್ತದೆಂದು ನೋಡುವುದು. ಇಪ್ಪತ್ತು ವರ್ಷದಿಂದ ನಾನು ಮಕ್ಕಳಿಗೆ ಕಲಿಸುತ್ತಿರುವುದು ಇದನ್ನೇ.

ಅಲ್ಲಿಂದ ವಾರಕ್ಕೊಮ್ಮೆಯಾದರೂ ಏಳು ಗಂಟೆಗೆ ನನ್ನ ಫೋನು ಬೊಬ್ಬೆ ಹಾಕುತ್ತದೆ. ಚಹಾಕ್ಕೇ ಇರಬೇಕೆಂದು ನನಗೆ ಗೊತ್ತು. ಗೊತ್ತಿದ್ದರೂ ತರಕಾರಿ ಬಿಟ್ಟು, ಚಾಡಿ ಬಿಟ್ಟು ಓಡುತ್ತೇನೆ. ಒಂದು ದಿನ ಅದು ಚಹಾಕ್ಕೆ ಇರಲಿಕ್ಕಿಲ್ಲ ಎಂಬ ಹೆದರಿಕೆ ಪ್ರತಿ ಸಲವೂ ಜೊತೆಗೆ ಓಡುತ್ತದೆ. ಕಳೆದ ವಾರ ಆಟೋ ಸಿಗದೆ ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಅತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದರು.

"ಹತ್ತು ಮಿನಿಟ್ ಲೇಟ್ ಆತಲ್ಲ ಶೈಲಾ. ಜರಾ ಬಿಚ್ಚಿ ನೋಡು, ನಿನ್ನ ಮಶಿನ್ನು ಸ್ಲೋ ಆಗ್ಯಾದೇನು."